ಹೊಗೆನಕಲ್ ಬಂಡೆಯ ಮೇಲೊಂದು ಜಪಾನಿ ಮಂಟಪ

ಒಬ್ಬರು: ಮೈನ್‌ಕ್ರಾಫ್ಟ್‌ನಲ್ಲಿ ಜಪಾನಿ ಶೈಲಿಯ ಕಟ್ಟಡ ಕಟ್ಟುವವರು ಸಾಮಾನ್ಯವಾಗಿ ಎಲ್ಲಿಂದ ಶುರು ಮಾಡುತ್ತಾರೆ?

ಇನ್ನೊಬ್ಬರು: ಅಲಂಕಾರದಿಂದ. ಒಂದು ಚೆರ್ರಿ ಮರ, ಒಂದು ಕೆಂಪು ತೋರಿ ಕಮಾನು, ನಾಲ್ಕಾರು ಲಾಟೀನು, ಕೊನೆಗೆ ಇವುಗಳ ನಡುವೆ ಒಂದು ಮನೆ. 2023ರ ಜೂನ್‌ನಲ್ಲಿ ಬಂದ 1.20ನೇ ಆವೃತ್ತಿ ಚೆರ್ರಿ ತೋಪನ್ನೂ ಬಿದಿರಿನ ಹಲಗೆಯನ್ನೂ ಒಟ್ಟಿಗೇ ಕೊಟ್ಟದ್ದರಿಂದ ಈ ದಾರಿ ಇನ್ನಷ್ಟು ಸಲೀಸಾಗಿದೆ. ಜಪಾನಿನ ಬಡಗಿಯ ಕ್ರಮ ಬೇರೆ. ಅವನು ಮೊದಲು ನೋಡುವುದು ನೆಲವನ್ನು. ನೆಲದ ಮೇಲೆ ಅಡಿಗಲ್ಲು, ಅಡಿಗಲ್ಲಿನ ಮೇಲೆ ಕಂಬ, ಕಂಬಗಳ ಮೇಲೆ ಮಾಡು. ಗೋಡೆ ಬರುವುದು ಎಲ್ಲಕ್ಕಿಂತ ಕೊನೆಗೆ, ಅದೂ ಭಾರ ಹೊರುವುದಕ್ಕಲ್ಲ, ಗಾಳಿ ಬೆಳಕನ್ನು ತಡೆಯುವುದಕ್ಕೆ ಮಾತ್ರ. ಆಟದಲ್ಲೂ ಇದೇ ಕ್ರಮದಲ್ಲಿ ಹೋದರೆ ಕಟ್ಟಡ ತಾನಾಗಿ ಜಪಾನಿ ಎನಿಸುತ್ತದೆ, ಚೆರ್ರಿ ಮರ ಇರಲಿ ಬಿಡಲಿ.

ಒಬ್ಬರು: ಹಾಗಾದರೆ ಮೊದಲು ನೆಲ. ಉದಾಹರಣೆಗೆ ಹೊಗೆನಕಲ್ಲನ್ನೇ ತೆಗೆದುಕೊಳ್ಳೋಣ. ಅಲ್ಲಿ ಸಮತಟ್ಟಾದ ಜಾಗವೇ ಸಿಗುವುದು ಕಷ್ಟ.

ಇನ್ನೊಬ್ಬರು: ಅದಕ್ಕೇ ಅದು ಒಳ್ಳೆಯ ಉದಾಹರಣೆ. ಕಾವೇರಿ ಅಲ್ಲಿ ಎರಡು ರಾಜ್ಯಗಳ ಗಡಿಯಾಗಿ ಹರಿಯುತ್ತದೆ. ಪಶ್ಚಿಮದ ದಡ ಚಾಮರಾಜನಗರ ಜಿಲ್ಲೆ, ಪೂರ್ವದ ದಡ ಧರ್ಮಪುರಿ. ನದಿ ಒಂದೇ ಪಾತ್ರದಲ್ಲಿ ಹರಿಯದೆ ಬಂಡೆಗಳ ನಡುವೆ ಹಲವು ಕವಲಾಗಿ ಒಡೆದು, ಸುಮಾರು 20 ಮೀಟರ್ ಎತ್ತರದಿಂದ ಧುಮುಕಿ, ಇಕ್ಕಟ್ಟಾದ ಕಮರಿಯೊಳಗೆ ನುಗ್ಗುತ್ತದೆ. ಮೈನ್‌ಕ್ರಾಫ್ಟ್‌ನ ಒಂದು ಬ್ಲಾಕ್ ಎಂದರೆ ಒಂದು ಘನ ಮೀಟರ್. ಹಾಗಾಗಿ ಜಲಪಾತವನ್ನು ಇದ್ದ ಅಳತೆಯಲ್ಲೇ, 20 ಬ್ಲಾಕ್ ಎತ್ತರಕ್ಕೆ ಕಟ್ಟಬಹುದು. ಬೆಟ್ಟಗಳಿಗೆ ಆ ಭಾಗ್ಯವಿಲ್ಲ. 2021ರ 1.18ನೇ ಆವೃತ್ತಿಯಿಂದ ಆಟದ ಲೋಕದ ಒಟ್ಟು ಎತ್ತರ 384 ಬ್ಲಾಕ್. ಅದರಲ್ಲಿ ಸಮುದ್ರಮಟ್ಟದ ಮೇಲಿರುವುದು ಇನ್ನೂರೈವತ್ತು ಚಿಲ್ಲರೆ. ಹೊಗೆನಕಲ್ಲಿನ ಸುತ್ತಲಿನ, ಸಾವಿರ ಮೀಟರ್ ದಾಟುವ ಮೇಲಗಿರಿ ಬೆಟ್ಟಗಳು ಅದರೊಳಗೆ ಹಿಡಿಸುವುದಿಲ್ಲ. ಕಮರಿಯ ತಳವನ್ನು ಸಮುದ್ರಮಟ್ಟದ ಹತ್ತಿರಕ್ಕೆ ಇಳಿಸಿಕೊಂಡು, ಬೆಟ್ಟಗಳನ್ನು ಕುಗ್ಗಿಸಿ ಹಿನ್ನೆಲೆಗೆ ಇಡುವುದೊಂದೇ ದಾರಿ.

ಒಬ್ಬರು: ಹಿನ್ನೆಲೆಗಾಗಿ ಅಷ್ಟು ಶ್ರಮ ಬೇಕೇ?

ಇನ್ನೊಬ್ಬರು: ಜಪಾನಿ ತೋಟಗಾರಿಕೆಯಲ್ಲಿ ದೂರದ ಬೆಟ್ಟವನ್ನು ತೋಟದ ಭಾಗವೆಂಬಂತೆ ಎರವಲು ಪಡೆಯುವ ಪದ್ಧತಿ ಇದೆ. ಬೇಲಿಯಾಚೆಗಿನ ಶಿಖರ ಕಾಣುವಂತೆ ಮರಗಳನ್ನು ಕತ್ತರಿಸಿ, ಬೇಲಿಯನ್ನು ತಗ್ಗಿಸಿ, ಕಣ್ಣನ್ನು ಅತ್ತ ಒಯ್ಯುತ್ತಾರೆ. ಮೇಲಗಿರಿಯನ್ನು ಹಾಗೆಯೇ ಎರವಲು ಪಡೆಯಬೇಕು. ಆದರೆ ಆಟದಲ್ಲಿ ಒಂದು ಮಿತಿ ಇದೆ. ಲೋಕವು ಕಣ್ಣಿಗೆ ಕಾಣುವುದು 16 ಬ್ಲಾಕ್ ಅಗಲದ ತುಂಡುಗಳ ಲೆಕ್ಕದಲ್ಲಿ. ನೋಟದ ದೂರವನ್ನು 12 ತುಂಡಿಗೆ ಇಟ್ಟಿದ್ದರೆ 192 ಬ್ಲಾಕ್‌ನಾಚೆಗೆ ಏನಿದ್ದರೂ ಮಂಜಿನಲ್ಲಿ ಕರಗಿಹೋಗುತ್ತದೆ. ಮಂಟಪದಿಂದ 150–160 ಬ್ಲಾಕ್ ದೂರದೊಳಗೆ ಬೆಟ್ಟದ ಏಣು ಎದ್ದರೆ ಸಾಧಾರಣ ಕಂಪ್ಯೂಟರಿನಲ್ಲೂ ಅದು ಕಾಣುತ್ತದೆ. ಇದನ್ನು ಲೆಕ್ಕ ಹಾಕದೆ ಬೆಟ್ಟ ಕಟ್ಟಿದವರ ಶ್ರಮವೆಲ್ಲ ವ್ಯರ್ಥ.

ಒಬ್ಬರು: ಬಂಡೆಗೆ ಯಾವ ಬ್ಲಾಕ್ ಬಳಸುವುದು? ಬೂದು ಕಲ್ಲನ್ನು ಸುರಿದರೆ ಸಾಲದೇ?

ಇನ್ನೊಬ್ಬರು: ಸಾಲದು. ಹೊಗೆನಕಲ್ಲಿನ ಶಿಲೆಗಳು ಭೂವಿಜ್ಞಾನಿಗಳಿಗೆ ಬಹಳ ಬೇಕಾದವು. ಅಲ್ಲಿನ ಕಾರ್ಬೊನಟೈಟ್ ಸುಮಾರು 240 ಕೋಟಿ ವರ್ಷ ಹಳೆಯದೆಂದು ಅಳೆದಿದ್ದಾರೆ. ಆ ಬಗೆಯ ಶಿಲೆಗಳಲ್ಲಿ ದಕ್ಷಿಣ ಏಷ್ಯಾದಲ್ಲೇ ಬಹು ಪುರಾತನವಾದವುಗಳಲ್ಲಿ ಅದೂ ಒಂದು. ಶಿಲಾಪಾಕವಾಗಿ ಭೂಮಿಯ ಆಳದಿಂದ ಮೇಲೆದ್ದು ಬಂದರೂ ಅದರಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸೈಟ್, ಅಂದರೆ ಸುಣ್ಣಕಲ್ಲಿನಲ್ಲಿರುವ ಖನಿಜವೇ. ಅದರ ಜೊತೆಗೆ ಸೈಯನೈಟ್, ಪೈರಾಕ್ಸಿನೈಟ್ ಶಿಲೆಗಳಿವೆ. ಸುತ್ತಲಿನ ಸೀಮೆಯದು ಕಪ್ಪುಬೂದು ಚಾರ್ನೊಕೈಟ್. ಈಗ ಆಟದ ಸಾಮಗ್ರಿಯನ್ನು ನೋಡಿ. 2021ರ 1.17ನೇ ಆವೃತ್ತಿಯಲ್ಲಿ ಕ್ಯಾಲ್ಸೈಟ್ ಎಂಬ ಬಿಳಿಚು ಬ್ಲಾಕ್ ಬಂತು, ಡೀಪ್‌ಸ್ಲೇಟ್ ಎಂಬ ಕಪ್ಪುಬೂದು ಕಲ್ಲೂ ಬಂತು. ನಸುಗೆಂಪಿನ ಗ್ರಾನೈಟ್ ಮೊದಲೇ ಇತ್ತು. ಕಪ್ಪು ಬಂಡೆಗೆ ಡೀಪ್‌ಸ್ಲೇಟ್, ಅದರ ನಡುವೆ ಓರೆಯಾಗಿ ಹಾದುಹೋಗುವ ಬಿಳಿ ಪಟ್ಟೆಗೆ ಕ್ಯಾಲ್ಸೈಟ್, ಅಲ್ಲಲ್ಲಿ ಸೈಯನೈಟ್‌ನ ಗುರುತಿಗೆ ಗ್ರಾನೈಟ್. ಪಟ್ಟೆಗಳು ಒಂದೇ ದಿಕ್ಕಿಗೆ ಓಡಬೇಕು. ಶಿಲೆ ಬಿರುಕಿನ ಜಾಡು ಹಿಡಿದೇ ನುಗ್ಗುತ್ತದೆ. ಮೂರು ಬಣ್ಣದ ಕಲ್ಲನ್ನು ಕಲಸಿ ಚೆಲ್ಲಿದರೆ ಬಂಡೆಯಾಗುವುದಿಲ್ಲ, ಮೊಸಾಯಿಕ್ ನೆಲವಾಗುತ್ತದೆ.

ಒಬ್ಬರು: ನೀರಿನ ವಿಷಯ?

ಇನ್ನೊಬ್ಬರು: ಆಟದ ನೀರಿಗೆ ತನ್ನದೇ ನಿಯಮ. ಒಂದು ಮೂಲದಿಂದ ಸಮತಟ್ಟಿನ ಮೇಲೆ ಅದು 7 ಬ್ಲಾಕ್ ದೂರ ಹರಿದು ನಿಲ್ಲುತ್ತದೆ. ಕೆಳಕ್ಕೆ ಮಾತ್ರ ಎಷ್ಟು ಆಳಕ್ಕಾದರೂ ಬೀಳುತ್ತದೆ. ಹೊಗೆನಕಲ್ಲಿನ ಕವಲುಗಳನ್ನು ತೋರಿಸಬೇಕಾದರೆ ಪ್ರತಿ ಧಾರೆಗೂ ಬಂಡೆಯ ನೆತ್ತಿಯಲ್ಲಿ ಬೇರೆ ಬೇರೆ ಮೂಲ ಇಟ್ಟು, ನಡುವೆ ಕಲ್ಲನ್ನು ಮುಂದಕ್ಕೆ ಚಾಚಬೇಕು. ಇಲ್ಲದಿದ್ದರೆ ಎಲ್ಲ ಧಾರೆ ಕೂಡಿ ನೀಲಿ ಪರದೆಯಂತಾಗುತ್ತದೆ. 2018ರ 1.13ನೇ ಆವೃತ್ತಿಯಿಂದ ಮೆಟ್ಟಿಲು, ಸ್ಲ್ಯಾಬ್, ಬೇಲಿಗಳು ತಮ್ಮೊಳಗೇ ನೀರನ್ನು ಹಿಡಿದಿಡಬಲ್ಲವು. ಬಂಡೆಯ ಮೇಲೆ ನೀರು ಮೆಟ್ಟಿಲಿಳಿದು ಬರುವಂತೆ ಮಾಡಲು ಅದು ದೊಡ್ಡ ಅನುಕೂಲ.

ಒಬ್ಬರು: ಅಲ್ಲಿಗೆ ಹೋದವರಿಗೆಲ್ಲ ನೆನಪಿರುವುದು ನೀರಿಗಿಂತ ಅದರಿಂದೇಳುವ ತುಂತುರು.

ಇನ್ನೊಬ್ಬರು: ಅದಕ್ಕೂ ಒಂದು ಉಪಾಯವಿದೆ. ಕ್ಯಾಂಪ್‌ಫೈರ್ ಎಂಬ ಬ್ಲಾಕಿನಿಂದ ಹೊಗೆ ಸುಮಾರು 10 ಬ್ಲಾಕ್ ಎತ್ತರಕ್ಕೆ ಏಳುತ್ತದೆ. ಅದರ ಕೆಳಗೊಂದು ಹುಲ್ಲಿನ ಕಟ್ಟು ಇಟ್ಟರೆ 24ರವರೆಗೂ. ಜಲಪಾತದ ಬುಡದಲ್ಲಿ, ನೀರು ತಾಗದ ಪೊಟರೆಗಳಲ್ಲಿ, ಮುಂದುಗಡೆ ಕಲ್ಲು ಮರೆಮಾಡಿ ನಾಲ್ಕೈದು ಕ್ಯಾಂಪ್‌ಫೈರ್ ಇಟ್ಟರೆ 20 ಬ್ಲಾಕ್‌ನ ಜಲಪಾತದ ನೆತ್ತಿ ಮುಟ್ಟುವ ಬಿಳಿ ತೆರೆ ಎದ್ದು ನಿಲ್ಲುತ್ತದೆ. ನೀರು ತಾಗಿದರೆ ಬೆಂಕಿ ಆರಿಹೋಗುತ್ತದೆ, ಅದೊಂದು ಎಚ್ಚರ ಬೇಕು. ಕ್ಯಾಂಪ್‌ಫೈರ್‌ನಿಂದ ಬೆಂಕಿ ಹರಡುವುದಿಲ್ಲ, ಮರದ ಮಂಟಪಕ್ಕೆ ಭಯವಿಲ್ಲ.

ಒಬ್ಬರು: ಇಂಥ ಜಾಗದಲ್ಲಿ ಜಪಾನಿಗಳಾಗಿದ್ದರೆ ನಿಜಕ್ಕೂ ಕಟ್ಟುತ್ತಿದ್ದರೇ?

ಇನ್ನೊಬ್ಬರು: ಕಟ್ಟಿದ್ದಾರೆ. ಕ್ಯೋತೋದ ಕಿಯೋಮಿಜು ದೇವಾಲಯದ ಮುಖ್ಯ ಮಂದಿರ ಬೆಟ್ಟದ ಇಳಿಜಾರಿನಿಂದ ಹೊರಕ್ಕೆ ಚಾಚಿ, ಸುಮಾರು 13 ಮೀಟರ್ ಎತ್ತರದ ಮರದ ಕಂಬಗಳ ಮೇಲೆ ನಿಂತಿದೆ. ಈಗಿರುವುದು 1633ರಲ್ಲಿ ಮರುನಿರ್ಮಾಣವಾದದ್ದು. ಕಂಬಗಳಿಗೆ ತೂತು ಕೊರೆದು, ಅಡ್ಡತೊಲೆಗಳನ್ನು ಆರಪಾರ ತೂರಿಸಿ, ಬೆಣೆ ಹೊಡೆದು ಬಿಗಿದಿದ್ದಾರೆ; ವೇದಿಕೆಯ ಆ ಚೌಕಟ್ಟಿಗೆ ಮೊಳೆಯಿಲ್ಲ. ಪಕ್ಕದಲ್ಲೇ ಕೆಳಗೆ ಒತೋವಾ ಎಂಬ ಸಣ್ಣ ಜಲಧಾರೆ ಇದೆ. ಇನ್ನೂ ಹತ್ತಿರದ ಹೋಲಿಕೆ ಬೇಕಾದರೆ ತೊತ್ತೋರಿ ಪ್ರಾಂತದ ಮಿತೋಕು ಬೆಟ್ಟದ ನಾಗೇಇರೆ-ದೋ. ಕಡಿದಾದ ಬಂಡೆಯ ಪೊಟರೆಯೊಳಗೆ, ಉದ್ದುದ್ದ ತೆಳು ಕಂಬಗಳ ಮೇಲೆ ಕೂತ ಪುಟ್ಟ ಗುಡಿ ಅದು. ಹೊಗೆನಕಲ್ಲಿಗೆ ಕಿಯೋಮಿಜುವಿನ ವೈಭವ ಒಗ್ಗುವುದಿಲ್ಲ, ಜಲಪಾತವನ್ನೇ ಅದು ನುಂಗಿಬಿಡುತ್ತದೆ. ಮಿತೋಕು ಬೆಟ್ಟದ ಗುಡಿಯ ಅಳತೆಯೇ ಸರಿ.

ಒಬ್ಬರು: ಕಂಬಗಳನ್ನು ನೀರಿನಲ್ಲೇ ನಿಲ್ಲಿಸಿದರೆ ಇನ್ನೂ ಚೆನ್ನಾಗಿ ಕಾಣುವುದಿಲ್ಲವೇ? ಇತ್ಸುಕುಶಿಮಾದ ದೊಡ್ಡ ತೋರಿ ಸಮುದ್ರದಲ್ಲೇ ನಿಂತಿದೆಯಲ್ಲ.

ಇನ್ನೊಬ್ಬರು: 1875ರಲ್ಲಿ ಎದ್ದ ಆ ತೋರಿ 16 ಮೀಟರಿಗೂ ಮಿಕ್ಕಿ ಎತ್ತರವಿದೆ, ತನ್ನ ಭಾರದಿಂದಲೇ ನಿಂತಿದೆ ಎಂಬುದು ನಿಜ. ಆದರೆ ಅದಿರುವುದು ಭರತ ಇಳಿತದ ಶಾಂತ ಕೊಲ್ಲಿಯಲ್ಲಿ. ಕಾವೇರಿಯ ಪ್ರವಾಹವೇ ಬೇರೆ. ಮಳೆಗಾಲದಲ್ಲಿ ಮೇಲಿನ ಜಲಾಶಯಗಳಿಂದ ನೀರು ಬಿಟ್ಟಾಗ ಹೊಗೆನಕಲ್ಲಿನ ಧಾರೆಗಳೂ ಬಂಡೆಗಳೂ ಒಂದಾಗಿ ಮುಳುಗುತ್ತವೆ, ಹರಿಗೋಲುಗಳನ್ನು ದಡಕ್ಕೆ ಎಳೆದಿಡುತ್ತಾರೆ. ಆಟದ ನದಿಗೆ ಪ್ರವಾಹ ಬರುವುದಿಲ್ಲ, ಏನು ಕಟ್ಟಿದರೂ ನಿಲ್ಲುತ್ತದೆ. ಆದರೂ ನದಿಯನ್ನು ಬಲ್ಲವರು ಧಾರೆಯ ಮಟ್ಟದಿಂದ ಮೇಲೆ, ಬಂಡೆಯ ಹೆಗಲ ಮೇಲೆಯೇ ಕಟ್ಟಬೇಕು. ಆಟ ಬಿಡುತ್ತದೆ ಎಂಬ ಒಂದೇ ಕಾರಣಕ್ಕೆ ಕಟ್ಟಿದ್ದು ನೋಡುವವರಿಗೆ ಎಲ್ಲೋ ಸುಳ್ಳೆನಿಸುತ್ತದೆ.

ಒಬ್ಬರು: ಆಟದಲ್ಲಿ ಕಂಬವೇ ಬೇಡವಲ್ಲ? ಬ್ಲಾಕುಗಳು ಗಾಳಿಯಲ್ಲೂ ನಿಲ್ಲುತ್ತವೆ.

ಇನ್ನೊಬ್ಬರು: ಮರಳು, ಜಲ್ಲಿಯಂಥ ಕೆಲವನ್ನು ಬಿಟ್ಟರೆ ಉಳಿದವೆಲ್ಲ ನಿಲ್ಲುತ್ತವೆ. ಜಪಾನಿ ಕಟ್ಟಡದ ಅಂದವೆಲ್ಲ ಭಾರ ಯಾವ ದಾರಿಯಲ್ಲಿ ನೆಲ ಸೇರುತ್ತದೆ ಎಂಬುದನ್ನು ಕಣ್ಣಿಗೆ ತೋರಿಸುವುದರಲ್ಲಿದೆ. ಕಂಬ ತೆಗೆದರೆ ಉಳಿಯುವುದು ತೇಲುವ ಪೆಟ್ಟಿಗೆ. ಕಂಬದ ದಪ್ಪವನ್ನು ಆರಿಸುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಮರದ ದಿಮ್ಮಿಯ ಬ್ಲಾಕ್ ಒಂದು ಮೀಟರ್ ದಪ್ಪ. ಜಪಾನಿ ಮನೆಯ ಕಂಬ 12 ಸೆಂಟಿಮೀಟರ್ ಆಸುಪಾಸು ಇರುತ್ತದೆ. ದೇವಾಲಯದ ಕಂಬವೂ ಮೀಟರ್ ಮುಟ್ಟುವುದು ಅಪರೂಪ. ಆಟದ ಬೇಲಿ ಬ್ಲಾಕಿನ ಕಂಬ ಬ್ಲಾಕಿನ 16ರಲ್ಲಿ 4 ಪಾಲು, ಅಂದರೆ 25 ಸೆಂಟಿಮೀಟರ್. ಕಲ್ಲುಗೋಡೆ ಬ್ಲಾಕಿನ ಕಂಬ 50 ಸೆಂಟಿಮೀಟರ್. ಕೋಣೆಯ ಸುತ್ತ ಬೇಲಿಯ ಕಂಬ ಸಾಕು. ಬಂಡೆಯಿಂದ ಹೊರಚಾಚಿದ ವೇದಿಕೆಯನ್ನು ಹೊರುವ ನಾಲ್ಕಾರು ಮುಖ್ಯ ಕಂಬಗಳಿಗೆ ಮಾತ್ರ ದಿಮ್ಮಿ ಇರಲಿ. ಮೂರು ಮೂರು ಬ್ಲಾಕಿಗೊಮ್ಮೆ ಅಡ್ಡಕ್ಕೆ ಸ್ಲ್ಯಾಬಿನ ತೊಲೆ ಹಾಯಿಸಿ, ಕಂಬದ ಹೊರಮುಖಕ್ಕೆ ಒಂದು ಟ್ರ್ಯಾಪ್‌ಡೋರ್ ಅಂಟಿಸಿದರೆ, ತೊಲೆ ಕಂಬವನ್ನು ತೂರಿ ತುದಿ ಹೊರಬಂದಂತೆ ಕಾಣುತ್ತದೆ. ಬಂಡೆ ಏರುತಗ್ಗಾಗಿರುವುದರಿಂದ ಪ್ರತಿ ಕಂಬದ ಉದ್ದವೂ ಬೇರೆ. ಬಂಡೆಯನ್ನು ಕೆತ್ತಿ ಸಮ ಮಾಡಬಾರದು. ಜಪಾನಿನಲ್ಲಿ ಕಂಬದ ಬುಡವನ್ನೇ ಕಲ್ಲಿನ ಉಬ್ಬುತಗ್ಗಿಗೆ ಹೊಂದುವಂತೆ ಕೆತ್ತುತ್ತಾರೆ. ಆಟದಲ್ಲಿ ಪ್ರತಿ ಕಂಬದಡಿ ಒಂದೊಂದು ಕಲ್ಲಿನ ಸ್ಲ್ಯಾಬ್ ಇಟ್ಟರೆ ಆ ಭಾವ ಬರುತ್ತದೆ.

ಒಬ್ಬರು: ಕೋಣೆಯ ಅಳತೆಯನ್ನು ಹೇಗೆ ನಿರ್ಧರಿಸುವುದು?

ಇನ್ನೊಬ್ಬರು: ಇಲ್ಲಿ ಆಟವೂ ಜಪಾನೂ ಒಂದನ್ನೊಂದು ಅಚ್ಚರಿಯಾಗುವಷ್ಟು ಹೋಲುತ್ತವೆ. ಜಪಾನಿ ಕೋಣೆಯನ್ನು ಅಳೆಯುವುದು ತತಾಮಿ ಚಾಪೆಗಳಲ್ಲಿ. ಕ್ಯೋತೋ ಕಡೆಯ ಚಾಪೆ ಸುಮಾರು 95 ಸೆಂಟಿಮೀಟರ್ ಅಗಲ, 191 ಸೆಂಟಿಮೀಟರ್ ಉದ್ದ. ಅಂದರೆ ಹೆಚ್ಚುಕಡಿಮೆ ಒಂದು ಬ್ಲಾಕ್ ಅಗಲ, ಎರಡು ಬ್ಲಾಕ್ ಉದ್ದ. ಚಹಾ ಸಮಾರಂಭದ ಮಾದರಿ ಕೋಣೆ ನಾಲ್ಕೂವರೆ ಚಾಪೆಯದು. ಆಟದಲ್ಲಿ ಅದು ಸರಿಯಾಗಿ ಮೂರಕ್ಕೆ ಮೂರು, ಒಂಬತ್ತು ಬ್ಲಾಕ್. ನಾಲ್ಕು ಚಾಪೆಗಳು ಒಂದರ ಹಿಂದೊಂದು ಸುತ್ತು ಹಾಕಿ, ನಡುವಿನ ಒಂದು ಬ್ಲಾಕಿನಲ್ಲಿ ಅರ್ಧ ಚಾಪೆ. ನಾಲ್ಕು ಚಾಪೆಗಳ ಮೂಲೆ ಒಂದೇ ಬಿಂದುವಿನಲ್ಲಿ ಕೂಡಬಾರದೆಂಬ ಹಳೆಯ ಕಟ್ಟಳೆಯೂ ಇದರಲ್ಲಿ ಪಾಲನೆಯಾಗುತ್ತದೆ. ತೊಗಟೆ ತೆಗೆದ ಬಿದಿರಿನ ಬ್ಲಾಕನ್ನು ಯಾವ ದಿಕ್ಕಿಗೆ ಬೇಕಾದರೂ ಮಲಗಿಸಬಹುದು, ಹಾಗಾಗಿ ಪ್ರತಿ ಚಾಪೆಯ ಗೆರೆ ಯಾವ ಕಡೆಗಿದೆ ಎಂಬುದನ್ನೂ ತೋರಿಸಬಹುದು. ಕಾವೇರಿ ವನ್ಯಧಾಮದ ಕಾಡಿನಲ್ಲಿ ಬಿದಿರು ಧಾರಾಳವಾಗಿರುವುದರಿಂದ ಆ ಸಾಮಗ್ರಿ ಜಾಗಕ್ಕೂ ಹೊಂದುತ್ತದೆ.

ಒಬ್ಬರು: ಒಂಬತ್ತು ಬ್ಲಾಕಿನ ಕೋಣೆ ತೀರಾ ಕಿರಿದಾಗಲಿಲ್ಲವೇ? ಇಷ್ಟು ದೊಡ್ಡ ಜಲಪಾತದ ಮುಂದೆ!

ಇನ್ನೊಬ್ಬರು: ಕೋಣೆ ಕಿರಿದು, ಕಟ್ಟಡ ಅಷ್ಟು ಕಿರಿದಲ್ಲ. ಒಳಗೆ ಮೂರಕ್ಕೆ ಮೂರು. ಸುತ್ತ ಕಂಬ ಮತ್ತು ತೆರೆಗಳ ಸಾಲು ಸೇರಿ ಐದಕ್ಕೆ ಐದು. ಅದರಾಚೆ ಒಂದು ಬ್ಲಾಕ್ ಅಗಲದ ಜಗಲಿ ಸೇರಿ ಏಳಕ್ಕೆ ಏಳು. ಸೂರು ಇನ್ನೂ ಒಂದು ಬ್ಲಾಕ್ ಹೊರಚಾಚಿ ಒಂಬತ್ತಕ್ಕೆ ಒಂಬತ್ತು. ಮಲೆನಾಡಿನ ಮನೆಯ ಜಗಲಿ ಮಾಡುವ ಕೆಲಸವನ್ನೇ ಜಪಾನಿನ ಎಂಗಾವಾ ಮಾಡುತ್ತದೆ. ಒಳಗೂ ಅಲ್ಲದ ಹೊರಗೂ ಅಲ್ಲದ ಆ ಜಾಗದಲ್ಲಿ ಕೂತೇ ಜನ ಮಳೆ ನೋಡುವುದು. ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನು 1430ರ ಸುಮಾರಿಗೆ ಕಟ್ಟಿದವರೂ ಕರಾವಳಿಯ ಮಳೆಗಾಗಿಯೇ ಇಳಿಜಾರು ಮಾಡುಗಳನ್ನು ಒಂದರ ಮೇಲೊಂದು ಏರಿಸಿದರು. ಹೊಗೆನಕಲ್ ಅಷ್ಟು ಮಳೆಯ ಸೀಮೆಯಲ್ಲ, ನಿಜ. ಅಲ್ಲಿ ಅಗಲ ಸೂರು ಬೇಕಾಗುವುದು ಬಿಸಿಲಿಗೂ ತುಂತುರಿಗೂ.

ಒಬ್ಬರು: ಎಲ್ಲರೂ ಕಷ್ಟವೆನ್ನುವುದು ಮಾಡನ್ನು. ಚೌಕ ಬ್ಲಾಕಿನಲ್ಲಿ ಬಾಗಿದ ಮಾಡು ಹೇಗೆ?

ಇನ್ನೊಬ್ಬರು: ಜಪಾನಿ ಮಾಡಿನ ಬಾಗು ಒಳಮುಖದ್ದು. ಅಂಚಿನಲ್ಲಿ ಇಳಿಜಾರು ಕಡಿಮೆ, ಮೇಲೇರಿದಂತೆ ಕಡಿದು. ಆಟದಲ್ಲಿ ಸ್ಲ್ಯಾಬ್ ಅರ್ಧ ಬ್ಲಾಕ್ ಏರುತ್ತದೆ, ಮೆಟ್ಟಿಲು ಒಂದು ಬ್ಲಾಕ್, ಬ್ಲಾಕಿನ ಮೇಲೆ ಮೆಟ್ಟಿಲಿಟ್ಟರೆ ಎರಡು. ಈ ಮೂರೇ ಏರಿಕೆಗಳಿಂದ ಬಾಗನ್ನು ಬರೆಯಬೇಕು. ಒಂಬತ್ತಕ್ಕೆ ಒಂಬತ್ತರ ಚೌಕದಲ್ಲಿ ಹೊರಗಿನಿಂದ ಒಳಗೆ ನಾಲ್ಕು ಸುತ್ತುಗಳಿವೆ. ಮೊದಲ ಸುತ್ತಿಗೆ ಬ್ಲಾಕಿನ ಕೆಳಭಾಗದ ಸ್ಲ್ಯಾಬ್, ಎರಡನೆಯದಕ್ಕೆ ಅದೇ ಮಟ್ಟದಲ್ಲಿ ಮೇಲ್ಭಾಗದ ಸ್ಲ್ಯಾಬ್, ಮೂರನೆಯದಕ್ಕೆ ಮೆಟ್ಟಿಲು, ನಾಲ್ಕನೆಯದಕ್ಕೆ ಪೂರ್ಣ ಬ್ಲಾಕ್ ಮತ್ತು ಅದರ ಮೇಲೊಂದು ಮೆಟ್ಟಿಲು. ನಡುವಿನ ಒಂಟಿ ಬ್ಲಾಕಿನ ಮೇಲೆ ಕಳಶದಂತೆ ಒಂದು ಕಲ್ಲುಕಂಬ. ಒಟ್ಟು ಎತ್ತರ ಅಂಚಿನಿಂದ ನಾಲ್ಕು ಬ್ಲಾಕ್ ದಾಟುತ್ತದೆ, ಕೆಳಗಿನ ಕೋಣೆಯ ಎತ್ತರ ಮೂರೇ. ಮಾಡು ಗೋಡೆಗಿಂತ ಎತ್ತರವಾಗಿರುವುದನ್ನು ಕಂಡು ಕೆಲವರು ಗಾಬರಿಯಾಗಿ ತಗ್ಗಿಸುತ್ತಾರೆ, ಹಾಗೆ ಮಾಡಬಾರದು. ಜಪಾನಿ ಕಟ್ಟಡ ದೂರದಿಂದ ಕಾಣುವುದೇ ಒಂದು ಮಾಡಾಗಿ. ಹೊರಸುತ್ತಿನ ನಾಲ್ಕು ಮೂಲೆಗಳಲ್ಲಿ ಮಾತ್ರ ಸ್ಲ್ಯಾಬನ್ನು ಅರ್ಧ ಬ್ಲಾಕ್ ಮೇಲಕ್ಕೆತ್ತಿದರೆ ಮೂಲೆ ತುಸು ಎದ್ದಂತಾಗುತ್ತದೆ. ಅಷ್ಟಕ್ಕೇ ನಿಲ್ಲಿಸಬೇಕು. ಕೊಂಬಿನಂತೆ ಸುರುಳಿ ಎದ್ದ ಮೂಲೆ ದಕ್ಷಿಣ ಚೀನಾದ್ದು.

ಒಬ್ಬರು: ಮಾಡಿನ ಬಣ್ಣ?

ಇನ್ನೊಬ್ಬರು: ಕಿಯೋಮಿಜುವಿನ ಮಾಡಿಗೆ ಹೊದಿಸಿರುವುದು ಹಿನೋಕಿ ಮರದ ತೊಗಟೆ. ಆಟದಲ್ಲಿ ಅದಕ್ಕೆ ಸ್ಪ್ರೂಸ್ ಅಥವಾ ಡಾರ್ಕ್ ಓಕ್ ಹತ್ತಿರ. ಹೆಂಚಿನ ಮಾಡಾದರೆ ಡೀಪ್‌ಸ್ಲೇಟ್; ಆದರೆ ಇಲ್ಲಿ ಬಂಡೆಯೇ ಡೀಪ್‌ಸ್ಲೇಟ್ ಆಗಿರುವುದರಿಂದ ಮಾಡು ಅದರಲ್ಲಿ ಕಳೆದುಹೋಗುತ್ತದೆ. ತಾಮ್ರವೂ ಇದೆ, ಕಾಲ ಕಳೆದಂತೆ ಅದು ತಾನಾಗಿ ಹಸಿರುಗಟ್ಟುತ್ತದೆ, ಜೇನುಮೇಣ ಹಚ್ಚಿದರೆ ಇದ್ದ ಬಣ್ಣದಲ್ಲೇ ನಿಲ್ಲುತ್ತದೆ. ತುಂತುರಿನ ಪಕ್ಕದ ಮಂಟಪಕ್ಕೆ ಹಸಿರು ತಾಮ್ರ ಚೆನ್ನ, ಆದರೂ ಕಂದು ಮರವೇ ಹೆಚ್ಚು ಸಮಾಧಾನಕರ.

ಒಬ್ಬರು: ಗೋಡೆ ಮತ್ತು ಒಳಾಂಗಣ?

ಇನ್ನೊಬ್ಬರು: ಅದರಲ್ಲಿ ಹೇಳುವುದು ಕಡಿಮೆ. ಬರ್ಚ್ ಟ್ರ್ಯಾಪ್‌ಡೋರನ್ನು ನೆಟ್ಟಗೆ ತೆರೆದಿಟ್ಟರೆ ತೆಳುವಾದ ಬಿಳಿಚು ಫಲಕವಾಗುತ್ತದೆ. ಕಾಗದದ ಜಾರುಬಾಗಿಲಿನ ಸ್ಥಾನಕ್ಕೆ ಅದು ಸಾಕು. ಜಲಪಾತದ ಕಡೆಯ ಬದಿಯನ್ನು ಪೂರ್ತಿ ತೆರೆದಿಡಬೇಕು. ಒಳಗೆ ಏನೂ ಬೇಡ. ಒಂದು ಹೂಜಿ ಇಟ್ಟರೆ ಹೆಚ್ಚು.

ಒಬ್ಬರು: ಖಾಲಿ ಬಿಟ್ಟರೆ ರಾತ್ರಿ ದೆವ್ವಗಳು ಹುಟ್ಟಿಕೊಳ್ಳುತ್ತವೆ ಎಂದು ಆಡುವವರು ಲಾಟೀನು ತುಂಬುತ್ತಾರೆ.

ಇನ್ನೊಬ್ಬರು: 1.18ರಿಂದ ಆ ಭಯ ಕಡಿಮೆಯಾಗಿದೆ. ಬೆಳಕು ಪೂರ್ತಿ ಸೊನ್ನೆಯಾದ ಕಡೆ ಮಾತ್ರ ಅವು ಹುಟ್ಟುತ್ತವೆ. ಒಂದು ಲಾಟೀನಿನ ಬೆಳಕು 15ರಿಂದ ಆರಂಭವಾಗಿ ಬ್ಲಾಕಿಗೊಂದರಂತೆ ಇಳಿಯುತ್ತದೆ. ಇಡೀ ಮಂಟಪಕ್ಕೆ ಒಂದು, ದಾರಿಗೆ ಎರಡು ಸಾಕು.

ಒಬ್ಬರು: ದಾರಿ ಎಂದರೆ, ಅಲ್ಲಿಗೆ ಹೋಗುವುದು ಹೇಗೆ? ಹೊಗೆನಕಲ್ಲಿನಲ್ಲಿ ಹರಿಗೋಲು ಇಲ್ಲದೆ ಏನೂ ಇಲ್ಲ.

ಇನ್ನೊಬ್ಬರು: ಬಿದಿರು ಹೆಣೆದು, ಹಿಂದೆ ತೊಗಲು ಹೊದಿಸಿ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಳಿದು ಮಾಡುವ ಆ ದುಂಡು ದೋಣಿಯನ್ನು ಆಟ ಕೊಡುವುದಿಲ್ಲ. 1.20ರಲ್ಲಿ ಬಂದ ಬಿದಿರಿನ ತೆಪ್ಪವೇ ಹತ್ತಿರದ್ದು. ಕಮರಿಯ ನಿಂತ ನೀರಿನಲ್ಲಿ ಅದು ಸಲೀಸಾಗಿ ಸಾಗುತ್ತದೆ. ಹರಿಯುವ ನೀರು ಅದನ್ನು ತಳ್ಳಿಕೊಂಡು ಹೋಗುತ್ತದೆ. ತೆಪ್ಪ ಕಟ್ಟುವ ಕಲ್ಲಿನಿಂದ ಮಂಟಪಕ್ಕೆ ನೇರ ಮೆಟ್ಟಿಲು ಹಾಕಬಾರದು. ಬಂಡೆಯನ್ನು ಬಳಸಿಕೊಂಡು, ಒಮ್ಮೆ ಮಂಟಪ ಕಾಣದಂತೆ ತಿರುಗಿ, ಹೊಳೆಮತ್ತಿ ಮರಗಳ ಕೆಳಗೆ ಹಾದು ಬರುವ ದಾರಿಯಾದರೆ ನಡೆಯುವವರಿಗೆ ಮೊದಲು ನೀರಿನ ಸದ್ದು, ಆಮೇಲೆ ಮಾಡಿನ ಅಂಚು, ಕೊನೆಗೆ ಜಗಲಿ ಸಿಗುತ್ತದೆ. ಚಹಾ ಕೋಣೆಗಳ ತೋಟದ ದಾರಿಯ ಕ್ರಮ ಇದೇ.

ಒಬ್ಬರು: ಹೊಳೆಮತ್ತಿ ಆಟದಲ್ಲಿಲ್ಲವಲ್ಲ.

ಇನ್ನೊಬ್ಬರು: ಇಲ್ಲ. ಅದರ ಬಿಳಿಬೂದು ಕಾಂಡಕ್ಕೆ ಬೇರೆ ಮರದ ದಿಮ್ಮಿ ಹುಡುಕಿ, ಎಲೆಯ ಬ್ಲಾಕನ್ನು ಕೈಯಿಂದಲೇ ಇಡಬೇಕು. ಅಷ್ಟು ಕಷ್ಟಪಡಬೇಕಾದ್ದು ಇಲ್ಲಿಯೇ. ಚೆರ್ರಿ ಮರ ನೆಟ್ಟರೆ ನಿಮಿಷದಲ್ಲಿ ಮುಗಿಯುತ್ತದೆ, ಆದರೆ ಆಗ ಅದು ಕಾವೇರಿಯ ದಡವಾಗಿ ಉಳಿಯುವುದಿಲ್ಲ. ಜಪಾನಿ ಬಡಗಿ ತನ್ನ ಕಾಡಿನ ಮರ, ತನ್ನ ಹೊಳೆಯ ಕಲ್ಲು ಬಳಸಿದ. ಅವನ ಶೈಲಿಯನ್ನು ಇಲ್ಲಿಗೆ ತರುವವರು ಇಲ್ಲಿನ ಮರ ಮತ್ತು ಕಲ್ಲನ್ನು ಬಳಸಲಿ.

ಒಬ್ಬರು: ಐದಂತಸ್ತಿನ ಗೋಪುರ ಕಟ್ಟಬೇಕೆಂಬ ಆಸೆ ಇರುವವರಿಗೆ?

ಇನ್ನೊಬ್ಬರು: ಹೋರ್ಯೂಜಿಯ ಐದಂತಸ್ತಿನ ಗೋಪುರ 32 ಮೀಟರ್ ಎತ್ತರವಿದೆ, 32 ಬ್ಲಾಕ್, ಆಟದಲ್ಲಿ ಅಸಾಧ್ಯವೇನಲ್ಲ. ಆದರೆ ಅದರ ಪ್ರತಿ ಅಂತಸ್ತಿನ ಮಾಡೂ ಅಳತೆಯಲ್ಲಿ ಕೆಳಗಿನದಕ್ಕಿಂತ ಕಿರಿದಾಗುತ್ತ ಹೋಗುತ್ತದೆ, ಒಂದರಲ್ಲಿ ತಪ್ಪಿದರೆ ಐದೂ ಕೆಡುತ್ತವೆ. ಒಂಬತ್ತು ಬ್ಲಾಕಿನ ಕೋಣೆ, ಅದರ ಜಗಲಿ, ಅದರ ಮಾಡು, ಇಷ್ಟನ್ನು ಮೊದಲು ಕಟ್ಟಿ ಮುಗಿಸಿ. ಗೋಪುರದ ಯೋಚನೆ ಆಮೇಲಿರಲಿ.